ಚಾವಡಿಯ ಒಳಕೋಣೆ

ಜಯನಗರ ಏಳನೆಯ ಬ್ಲಾಕು, ಬೆಂಗಳೂರು
ರುಧಿರೋದ್ಗಾರಿ ಸಂವತ್ಸರದ ಚೈತ್ರ ಬಹುಳ ಪಂಚಮಿ, ಸೋಮವಾರ
೨-೫-೧೯೮೩, ಪ್ರಾತಃಕಾಲ

ಪ್ರೀತಿಯ ಮಗಳು ಚಿ. ರುದ್ರಮ್ಮನಿಗೆ,

ಶಿವಪೂಜೆ ಮುಗಿಸಿ ಎದ್ದು, ಹಣೆಯ ವಿಭೂತಿ ಆರುವ ಮುನ್ನವೇ ಈ ಕಾಗದಕ್ಕೆ ಕುಳಿತಿದ್ದೇನೆ. ನಿನ್ನ ತಂದೆಯ ಅಂತಃಕರಣಪೂರ್ವಕವಾದ ಆಶೀರ್ವಾದಗಳು ನಿನಗೆ ಮೊದಲು ತಲುಪಲಿ, ಮಿಕ್ಕದ್ದು ಆಮೇಲೆ. ಮೊಣಕಾಲಿನ ಊತ ಇಳಿಯಿತೆ? ಹರಳೆಣ್ಣೆಯನ್ನು ಬೆಚ್ಚಗೆ ಮಾಡಿ ಹಚ್ಚಿಕೊಳ್ಳೆಂದು ಕಳೆದ ಸಲವೇ ಬರೆದಿದ್ದೆ. ನೀನು ಹಚ್ಚಿಕೊಂಡಿರಲಾರೆ ಎಂಬುದೂ ನನಗೆ ಗೊತ್ತು. ಇಲ್ಲಿ ನಿನ್ನ ಅಣ್ಣ, ಅತ್ತಿಗೆ ಬಸವಲಿಂಗಮ್ಮ, ಮಕ್ಕಳು ಎಲ್ಲರೂ ಕ್ಷೇಮವಾಗಿದ್ದಾರೆ. ನನ್ನ ಕೆಮ್ಮು ಹಾಗೆಯೇ ಇದೆ; ಎಪ್ಪತ್ತನಾಲ್ಕರ ದೇಹ ಅದನ್ನು ಮನೆಯವರಲ್ಲಿ ಒಬ್ಬರೆಂದೇ ಎಣಿಸಿಕೊಂಡಿದೆ. ಯುಗಾದಿಯ ದಿನ ಪಂಚಾಂಗ ಓದುವಾಗ ಈ ಸಂವತ್ಸರದ ಹೆಸರು ನಾಲಗೆಗೆ ಬಂದೊಡನೆ ನಿನ್ನ ತಾಯಿಯ ನೆನಪಾಯಿತು. ಬದುಕಿದ್ದರೆ ಕಿವಿ ಮುಚ್ಚಿಕೊಂಡು, ‘ರಕ್ತ ಕಾರೋ ಹೆಸರನ್ನ ವರ್ಷಕ್ಕೆ ಯಾಕಾದ್ರೂ ಇಟ್ಟರೋ’ ಎನ್ನುತ್ತಿದ್ದಳು. ಹೆಸರಿನಲ್ಲಿ ಏನೂ ಇಲ್ಲವೆಂದು ಹೇಳಿ ಅವಳನ್ನು ಸುಮ್ಮನಾಗಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಈ ವರ್ಷ ಹಾಗೆ ಹೇಳುವ ಧೈರ್ಯ ನನ್ನಲ್ಲಿ ಸ್ವಲ್ಪ ಕುಗ್ಗಿದೆ.

ಬೋರಣ್ಣನೆಂಬವನು ಇಂದು ತೆಂಗಿನಕಾಯಿಯ ವ್ಯಾಪಾರಕ್ಕಾಗಿ ತಿಪಟೂರಿಗೆ ಬರುತ್ತಿದ್ದಾನೆ. ಇವನು ನಮಗೆ ಕೋಣೆ ಕೊಡುತ್ತಿರುವ ಚಿಕ್ಕಬೈರಪ್ಪನ ಭಾವಮೈದುನ. ಬಾಡಿಗೆಯ ಕರಾರುಪತ್ರವನ್ನು ನಿನ್ನ ಸಹಿಗಾಗಿ ತರುವವನೂ ಇವನೇ, ಈ ಕಾಗದವನ್ನು ತರುವವನೂ ಇವನೇ. ಎರಡನ್ನೂ ಒಟ್ಟಿಗೆ ನಿನ್ನ ಕೈಗಿಡುತ್ತಾನೆ. ಕರಾರುಪತ್ರವನ್ನು ಬದಿಗಿಟ್ಟು ಮೊದಲು ಇದನ್ನು ಕಡೆಯವರೆಗೆ ಓದು. ನೀನು ಆ ಒಳಕೋಣೆಯಲ್ಲಿ ಟೈಪಿಂಗ್ ಶಾಲೆ ತೆರೆಯುವುದಷ್ಟೇ ಆಗಿದ್ದರೆ ನಾನು ಇಷ್ಟು ತಳಮಳಿಸುತ್ತಿರಲಿಲ್ಲ. ನೀನು ಕಳೆದ ಪತ್ರದಲ್ಲಿ ಬರೆದ ಮಾತೊಂದಿದೆಯಲ್ಲ, ಅದು ನಿನ್ನೆಯಿಂದ ನನ್ನ ಎದೆಯ ಮೇಲೆ ಕುಳಿತಿದೆ. ‘ಅಪ್ಪಾ, ಮೂವತ್ತೆಂಟನೇ ವಯಸ್ಸಿಗೆ ಗಂಟುಮೂಟೆ ಹೊತ್ಕೊಂಡು ತವರಿಗೆ ಬರೋದು ನಂಗೆ ಬೇಡ. ಹಗಲು ಶಾಲೆ, ರಾತ್ರಿ ಅದೇ ಕೋಣೇಲಿ ಒಂದು ಚಾಪೆ ಹಾಸ್ಕೊಂಡು ಮಲಗ್ತೀನಿ. ಶಟರ್ ಎಳ್ಕೊಂಡ್ರೆ ಯಾರ ಭಯವೂ ಇಲ್ಲ.’ ಇದನ್ನು ಓದಿದ ದಿನ ನಿನ್ನ ಸ್ವಾಭಿಮಾನಕ್ಕೆ ನಾನು ಒಳಗೊಳಗೇ ಹಿಗ್ಗಿದೆ. ಈಗ ಚಾಪೆ, ಶಟರು ಎಂಬ ಎರಡು ಮಾತುಗಳ ಮೇಲೆಯೇ ಕಣ್ಣು ಮತ್ತೆ ಮತ್ತೆ ನಿಲ್ಲುತ್ತದೆ.

ಅಳಿಯಂದಿರು ತೀರಿಕೊಂಡ ಮೇಲೆ ಅನ್ಯರ ಶಾಲೆಯಲ್ಲಿ ಬೆರಳು ಸವೆಸುವುದು ಸಾಕು, ಬೆಂಗಳೂರಿನಲ್ಲಿ ನನ್ನದೇ ಒಂದು ಸ್ಥಳ ನೋಡಿಕೊಡಿ ಎಂದು ನೀನು ಕೇಳಿದ್ದು ಮಾಘಮಾಸದಲ್ಲಿ. ಜಯನಗರದ ಕಾಂಪ್ಲೆಕ್ಸಿನ ಸುತ್ತಮುತ್ತ ವಿಚಾರಿಸಿದೆ. ಅಲ್ಲಿಯ ಬಾಡಿಗೆ ನಮ್ಮಂಥವರಿಗಲ್ಲ. ಕಡೆಗೆ ಸಾರಕ್ಕಿಯ ಹಳೆಯ ಚಾವಡಿಯ ವಿಚಾರ ಕಿವಿಗೆ ಬಿತ್ತು. ಸಂತೆಯ ಬೀದಿಗೆ ಮುಖಮಾಡಿದ ಆ ಕಲ್ಲುಕಂಬದ ಕಟ್ಟಡವನ್ನು ನೀನು ಬಾಲ್ಯದಲ್ಲಿ ಬನಶಂಕರಿಯಮ್ಮನ ದರ್ಶನಕ್ಕೆ ಹೋಗುವಾಗ ನೋಡಿರಬೇಕು. ಮೂರು ಕಡೆ ತೆರೆದ ಹಜಾರ. ಅಲ್ಲಿ ಪಟೇಲರೂ ಶಾನುಭೋಗರೂ ಕುಳಿತು ಕಂದಾಯ ವಸೂಲು ಮಾಡುತ್ತಿದ್ದರು. ಹಿಂಬದಿಗೆ ಬಾಗಿಲಿಲ್ಲದ ಒಂದು ಒಳಕೋಣೆ. ಗೋಡೆಯ ಮೇಲ್ಭಾಗದಲ್ಲಿಯೂ ಬುಡದಲ್ಲಿಯೂ ಕೈಯಗಲದ ಗವಾಕ್ಷಿಗಳು. ನೂರೈವತ್ತು ವರ್ಷದ ಕಟ್ಟಡವೆಂದು ಊರಿನವರು ಹೇಳುತ್ತಾರೆ. ಪಟೇಲಿಕೆ ಹೋದ ಮೇಲೆ ಅದು ಕೆಲಕಾಲ ಕುರಿಗಳಿಗೂ, ಇಸ್ಪೀಟಿನವರಿಗೂ ಆಶ್ರಯವಾಗಿತ್ತು. ಈಗ ಪಟೇಲರ ಮೊಮ್ಮಗ ಚಿಕ್ಕಬೈರಪ್ಪ ಹೊಲಗಳನ್ನೆಲ್ಲ ಬಡಾವಣೆಗೆ ಕೊಟ್ಟು, ಬಂದ ಪರಿಹಾರದಲ್ಲಿ ಅದನ್ನು ಜೀರ್ಣೋದ್ಧಾರ ಮಾಡಿಸಿದ್ದಾನೆ. ‘ಕಛೇರಿಗಳಿಗೆ ಬಾಡಿಗೆಗೆ ದೊರೆಯುತ್ತದೆ’ ಎಂದು ಹಲಗೆ ತೂಗುಹಾಕಿದ್ದಾನೆ. ಇವನು ನನ್ನ ಶಿಷ್ಯ. ಮೂರನೆಯ ಫಾರಂನಲ್ಲಿ ಹಳಗನ್ನಡದ ಪದ್ಯಕ್ಕೆ ಹೆದರಿ ಕಿಟಕಿಯಿಂದ ಹಾರಿಹೋಗುತ್ತಿದ್ದವನು; ಈಗ ನನ್ನನ್ನು ಕಂಡರೆ ಸ್ಕೂಟರಿನಿಂದ ಇಳಿದು ಕಾಲಿಗೆ ಬೀಳುತ್ತಾನೆ. ‘ನಿಮ್ ಮಗಳಿಗೆ ಅಂದ್ರೆ ನಂಗೆ ಅಕ್ಕ ಇದ್ದಂಗೆ ಮೇಷ್ಟ್ರೇ. ಒಳಗಡೆ ರೂಮ್ ಕೊಡ್ತೀನಿ, ರೋಡಿನ್ ಗಲಾಟೆ ಇರಲ್ಲ. ಮೊಸಾಯಿಕ್ ಹಾಕ್ಸಿದೀನಿ, ನೋಡಿ, ಮುಖ ಕಾಣ್ತದೆ’ ಎಂದ.

ಕಂಡಿತು, ನಿಜ. ಜೀರ್ಣೋದ್ಧಾರವೆಂದರೆ ಅವನು ಮಾಡಿಸಿದ್ದು ಇಷ್ಟು. ಒಳಕೋಣೆಯ ಮಣ್ಣಿನ ನೆಲದ ಮೇಲೆ ಕಾಂಕ್ರೀಟು, ಅದರ ಮೇಲೆ ಮೊಸಾಯಿಕ್. ಬುಡದ ಗವಾಕ್ಷಿಗಳಿಗೆ ಇಟ್ಟಿಗೆ, ಮೇಲಿನವಕ್ಕೆ ಗಾಜು. ಬಾಗಿಲಿಗೆ ಉರುಳುವ ಕಬ್ಬಿಣದ ಶಟರು. ಮೂಲೆಯಲ್ಲಿ ಹೊಸದಾಗಿ ಒಂದು ಬಚ್ಚಲು. ಆ ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತದೆಂದು ನಾನು ಕೇಳಿದಾಗ ಗಾರೆಯವನು ತಲೆ ಕೆರೆದುಕೊಂಡು, ‘ಪೈಪ್ ಕೆಳಕ್ ಬುಟ್ಟಿದೀವಿ ಸ್ವಾಮಿ, ಎಷ್ಟ್ ನೀರ್ ಸುರಿದ್ರೂ ಕುಡ್ಕೊಂಡ್ ಬುಡ್ತದೆ ಭೂಮ್ತಾಯಿ’ ಎಂದು ನಕ್ಕ. ಆ ನಗುವಿನಲ್ಲಿ ನಾನೂ ಪಾಲ್ಗೊಂಡೆ. ಭೂಮಿ ಅಷ್ಟು ನೀರನ್ನು ಯಾಕೆ ಕುಡಿಯುತ್ತದೆಂದು ಕೇಳಲಿಲ್ಲ.

ಕರಾರುಪತ್ರವನ್ನು ಬರೆದವನು ನಾನೇ. ವಕೀಲರ ಮುದ್ರಿತ ಹಾಳೆಯ ಭಾಷೆಯನ್ನು ಕಂಡು ಮನಸ್ಸು ಒಪ್ಪದೆ, ಮೂರು ಸಂಜೆ ಕುಳಿತು, ಹನ್ನೊಂದು ಷರತ್ತುಗಳನ್ನು ಶಾಸನದ ಗಾಂಭೀರ್ಯದಲ್ಲಿ ರಚಿಸಿದೆ. ವೃದ್ಧನ ಈ ಒಣಹೆಮ್ಮೆಯನ್ನು ಮನ್ನಿಸು. ಮೇಜುಗಳನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿಸದಿದ್ದರೆ ಯಂತ್ರಗಳು ಅಲುಗಾಡುತ್ತವೆ ಎಂದು ನೀನು ಬರೆದಿದ್ದೆಯಲ್ಲ, ಅದಕ್ಕಾಗಿ ಏಳನೆಯ ಷರತ್ತು ಬರೆದೆ. ಬಾಡಿಗೆದಾರರು ತಮ್ಮ ಉದ್ಯೋಗಕ್ಕೂ ಕ್ಷೇಮಕ್ಕೂ ಅವಶ್ಯವೆಂದು ಕಂಡಲ್ಲಿ ನೆಲವನ್ನು ಕೊರೆಯಲು, ಅಗೆಯಲು ಹಕ್ಕುಳ್ಳವರು, ಸ್ವಂತ ಖರ್ಚಿನಿಂದ ಪುನಃ ಸರಿಪಡಿಸತಕ್ಕದ್ದು, ಇದಕ್ಕೆ ಮಾಲೀಕರ ಆಕ್ಷೇಪಣೆ ಇರತಕ್ಕದ್ದಲ್ಲ ಎಂದು. ಚಿಕ್ಕಬೈರಪ್ಪ ಅದನ್ನು ಓದಿಸಿ ಕೇಳಿ, ‘ಅಗಿಯೋಕೆ ಏನ್ ಮೇಷ್ಟ್ರೇ, ಬಾವಿ ತೋಡ್ತೀರಾ ಒಳಗೆ?’ ಎಂದು ತೊಡೆ ತಟ್ಟಿ ನಕ್ಕು ಸಹಿ ಮಾಡಿದ. ನಾನು ಸಾಕ್ಷಿಯ ಸ್ಥಾನದಲ್ಲಿ ಸಹಿ ಮಾಡಿದೆ. ನಿನ್ನ ಸಹಿಯೊಂದೇ ಬಾಕಿ.

ಇನ್ನು ನಾನು ನಿನ್ನಿಂದ ಮುಚ್ಚಿಟ್ಟದ್ದನ್ನು ಹೇಳಬೇಕು. ಕಳೆದ ಸೋಮವಾರ, ಒಳ್ಳೆಯ ತಿಥಿಯೆಂದು, ಆ ಕೋಣೆಯಲ್ಲಿ ಸಣ್ಣದಾಗಿ ಒಂದು ಪೂಜೆ ಮಾಡಿದೆ. ಅಂಗಳ ಗುಡಿಸುವ ಮಾರಮ್ಮ ಹೊಸ್ತಿಲ ಹೊರಗೆ ಪೊರಕೆ ಹಿಡಿದು ನಿಂತಿದ್ದಳು. ಅರವತ್ತು ದಾಟಿದ ಹೆಂಗಸು, ಆ ಊರಿನ ಹಳೆಯ ಕೇರಿಯವಳು. ನಾನು ಕೋಣೆಯ ನಡುವೆ ನೆಲದ ಮೇಲೆ ಹಿತ್ತಾಳೆಯ ದೀಪವಿಟ್ಟು ಹಚ್ಚಿದೆ. ಆರಿತು. ಬತ್ತಿ ಒದ್ದೆಯಿರಬೇಕೆಂದು ಬೇರೆ ಬತ್ತಿ ಹಾಕಿದೆ. ಮತ್ತೆ ಆರಿತು. ಗಾಳಿಯ ಸುಳಿವಿಲ್ಲ, ಊದಿನಕಡ್ಡಿಯ ಹೊಗೆ ಮೇಲೇಳದೆ ಬೆಕ್ಕಿನ ಮರಿಯ ಹಾಗೆ ನೆಲವನ್ನು ತಬ್ಬಿಕೊಂಡು ಮಲಗಿತ್ತು. ಮೂರನೆಯ ಸಲ ಹಚ್ಚುವಾಗ ಮಾರಮ್ಮ ಹೊರಗಿನಿಂದ, ‘ಅಯ್ನೋರೆ, ದೀಪ...’ ಎಂದು ಏನನ್ನೋ ಹೇಳಹೊರಟಳು. ನಾನು ಮಂತ್ರದ ನಡುವೆ ಇದ್ದೆ. ಮಾತಾಡಬಾರದೆಂದು ಅವಳ ಕಡೆಗೆ ಬೆರಳೆತ್ತಿದೆ. ಅವಳು ಬಾಯಿ ಮುಚ್ಚಿ, ಪೊರಕೆಯನ್ನು ಗೋಡೆಗೆ ಆನಿಸಿ, ಹೊರಟುಹೋದಳು. ಮೂರನೆಯ ದೀಪವೂ ಆರಿದ ಮೇಲೆ ನಾನು ಅದನ್ನು ಎತ್ತಿ ಗೋಡೆಯ ಗೂಡಿನಲ್ಲಿಟ್ಟೆ. ಅಲ್ಲಿ ಅದು ನಿಶ್ಚಲವಾಗಿ, ಸುಂದರವಾಗಿ ಉರಿಯಿತು.

ಐವತ್ತು ವರ್ಷ ಶಾಸ್ತ್ರಗ್ರಂಥಗಳ ನಡುವೆ ಬದುಕಿದವನು ಇದನ್ನು ಹೇಗೆ ಅರ್ಥಮಾಡಿಕೊಂಡನೆಂದು ನೀನೇ ಊಹಿಸು. ಸ್ಥಳದೋಷ, ಅಪಶಕುನ, ಯಾವುದೋ ಹಿರಿಯರ ಅತೃಪ್ತಿ ಎಂದುಕೊಂಡೆ. ನಿನಗೆ ತಿಳಿಸಿದರೆ ಎದೆಗುಂದುತ್ತೀಯೆಂದು ಬರೆಯಲಿಲ್ಲ. ಮರುದಿನ ದೇವಸ್ಥಾನದಲ್ಲಿ ರುದ್ರಾಭಿಷೇಕ ಮಾಡಿಸಿ, ತೀರ್ಥವನ್ನು ತಂದು ಆ ಕೋಣೆಯ ನಾಲ್ಕು ಮೂಲೆಗೂ ಪ್ರೋಕ್ಷಿಸಿ, ದೋಷ ಪರಿಹಾರವಾಯಿತೆಂದು ನೆಮ್ಮದಿಯಿಂದ ಮನೆಗೆ ಬಂದೆ. ಆ ಎರಡು ದಿನವೂ ನನಗೆ ವಿಪರೀತ ತಲೆನೋವು, ಉಪವಾಸದ ಫಲವೆಂದುಕೊಂಡೆ. ಬಣ್ಣ ಹೊಡೆಯುವ ದೇವದಾಸ್ ಎಂಬ ಹುಡುಗು ಮೋರೆಯ ಗಂಡಸು, ಅದುವರೆಗೆ ಕೋಣೆಯೊಳಗೆ ಮಲಗುತ್ತಿದ್ದವನು, ಹಾಸಿಗೆಯನ್ನು ಹಜಾರಕ್ಕೆ ಎಳೆದುಕೊಂಡಿದ್ದ. ‘ಒಳಗ್ ಮಲಗಿದ್ರೆ ಬೆಳಿಗ್ಗೆ ಏಳೋಕೇ ಆಗಲ್ಲ ಸಾರ್, ತಲೆ ಹಿಡ್ಕೊಂಡ್ ಬಿಡುತ್ತೆ. ಪೈಂಟಿನ್ ವಾಸ್ನೆ’ ಎಂದ. ಬಚ್ಚಲ ಮಗ್ಗುಲಿನಲ್ಲಿ ಬೆಕ್ಕೊಂದು ಮರಿ ಹಾಕಿತ್ತು. ಶಟರು ಎಳೆದಿದ್ದ ಎರಡು ದಿನದ ಬಳಿಕ ಮಾರಮ್ಮ ನಾಲ್ಕು ಮರಿಗಳನ್ನೂ ಮೊರದಲ್ಲಿ ಹೊತ್ತು ಹೊರಗೆ ಒಯ್ದಳು. ಕಣ್ಣು ತೆರೆಯದ ಮರಿಗಳು, ಹಾಲಿಲ್ಲದೆ ಸತ್ತವೆಂದು ಚಿಕ್ಕಬೈರಪ್ಪ ಹೇಳಿದ. ಪ್ರತಿಯೊಂದಕ್ಕೂ ಒಂದೊಂದು ಕಾರಣ ಸಿದ್ಧವಾಗಿಯೇ ಇತ್ತು.

ನಿನ್ನೆ ಭಾನುವಾರ ಬೆಳಿಗ್ಗೆ ಮಾರಮ್ಮ ನಮ್ಮ ಮನೆಗೆ ಬಂದಳು. ಸಾರಕ್ಕಿಯಿಂದ ನಡೆದುಕೊಂಡೇ ಬಂದಿದ್ದಳು. ಹಿತ್ತಿಲ ಬಾಗಿಲಲ್ಲಿ ನಿಂತು, ನಾನು ಕಾಫಿ ಕುಡಿಯೆಂದರೂ ಲೋಟ ಮುಟ್ಟದೆ, ಮೊದಲು ಒಂದು ಮಾತು ಕೇಳಿದಳು. ‘ನಿಮ್ ಮಗಳು ಅಲ್ಲೇ ಮಲಗ್ತಾರಂತೆ, ದಿಟವಾ ಅಯ್ನೋರೆ?’ ಹೌದೆಂದೆ. ಅವಳು ಕುಕ್ಕುರುಗಾಲಿನಲ್ಲಿ ಕುಳಿತುಬಿಟ್ಟಳು. ಆಮೇಲೆ ಅವಳು ಹೇಳಿದ್ದನ್ನು ಆದಷ್ಟು ಅವಳ ಮಾತಿನಲ್ಲೇ ಬರೆಯುತ್ತೇನೆ. ನನ್ನ ಮಾತಿಗೆ ತಂದರೆ ಅದರ ಭಾರ ಇಳಿದುಹೋಗುತ್ತದೆ.

‘ಆ ರೂಮಿನ್ ಕೆಳ್ಗಡೆ ಹಗೇವು ಐತೆ ಅಯ್ನೋರೆ. ನೀವ್ ದೀಪ ಮಡಗಿದ್ರಲ್ಲ, ಸರ್ಯಾಗಿ ಅದ್ರ ಬಾಯ್ ಮ್ಯಾಲೆ. ಕಂದಾಯದ ರಾಗಿನೆಲ್ಲ ಅಲ್ಲೇ ಸುರೀತಿದ್ರು ಪಟೇಲ್ರು. ಎರಡಾಳುದ್ದ ಆಳ. ಬಾಯಿ ಮಾತ್ರ ಮೊರದಷ್ಟು. ತೆಗೀಬೇಕಾದ್ರೆ ಕಲ್ ಎತ್ತಿ ಒಂದಿನ ಹಂಗೇ ಬುಡಬೇಕು. ಆಮೇಕೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬುಡಬೇಕು. ದೀಪ ಉರೀತು ಅಂದ್ರೆ ಇಳೀಬೋದು. ಆರೋಯ್ತು ಅಂದ್ರೆ ಪಟೇಲಪ್ಪನೇ ಹೇಳಿದ್ರೂ ಇಳೀಬಾರ್ದು. ಇದು ನಮ್ ಕೇರೀಲಿ ಹಾಲ್ ಕುಡಿಯೋ ಕೂಸಿಗೂ ಗೊತ್ತು. ಯಾಕಂದ್ರೆ ಇಳಿಯೋರು ನಾವೇ ಅಲ್ವಾ.’

ಯುದ್ಧದ ಕಾಲದಲ್ಲಿ ಒಂದು ದಿನ ಅಮಲ್ದಾರರು ಸರ್ಕಾರಕ್ಕೆ ಕಡ್ಡಾಯವಾಗಿ ಒಪ್ಪಿಸಬೇಕಾದ ಲೆವಿ ಧಾನ್ಯದ ತಪಾಸಣೆಗೆ ಬರುತ್ತಾರೆಂದು ಸುದ್ದಿ ಬಂದಿತಂತೆ. ಹಗೇವಿನ ರಾಗಿಯನ್ನು ತಪಾಸಣೆಗೆ ಮೊದಲೇ ಸಾಗಿಸಬೇಕೆಂದು ಪಟೇಲರು ಅವಸರಪಟ್ಟರು. ಸೀಮೆಎಣ್ಣೆಗೆ ರೇಷನ್ನು, ದೀಪಕ್ಕೆ ಎಣ್ಣೆಯಿಲ್ಲ. ದೀಪ ಇಳಿಬಿಡದೆಯೇ ಮಾರಮ್ಮನ ಗಂಡ ಯಲ್ಲಯ್ಯನನ್ನು ಇಳಿಸಿದರು. ಅವನು ಕೂಗಲೂ ಇಲ್ಲ. ‘ಸುಮ್ಕೆ ಕೂತ್ಕೊಂಡ, ಅಷ್ಟೇ. ನಿದ್ದೆ ಬಂದವ್ನ ತರ. ಎತ್ತೋಕೆ ಅಂತ ನಮ್ ಮೈದುನ ಇಳ್ದ. ಅವ್ನೂ ಅಣ್ಣನ್ ಪಕ್ಕ ಕೂತ್ಕೊಂಡ.’ ಕೊಕ್ಕೆ ಹಾಕಿ ಇಬ್ಬರನ್ನೂ ಎಳೆದರು. ಸರ್ಕಾರದವರಿಗೆ ಹಾವು ಕಚ್ಚಿತೆಂದು ಹೇಳಿದರು. ‘ಹೆಣ ಬಿದ್ದ ರಾಗಿ ಯಾರ್ ತಿಂತಾರೆ? ಹಂಗೇ ಬುಟ್ಟು, ಕಲ್ ಮುಚ್ಚಿ, ಮಣ್ಣು ಮೆತ್ತಿದ್ರು. ಅದು ಈಗ್ಲೂ ಅಲ್ಲೇ ಐತೆ. ಇವ್ರು ಬಚ್ಚಲ್ ನೀರ್ ಬೇರೆ ಅದ್ರ ಹೊಟ್ಟೇಗ್ ಬುಟ್ಟವ್ರೆ. ಕೊಳೀದೆ ಏನಾಯ್ತದೆ? ಅದೇ ಪೈಪ್ನಾಗೆ ಕೆಟ್ ಗಾಳಿ ಮ್ಯಾಕ್ ಬಂದು, ನೆಲ ಕಚ್ಕೊಂಡು ಉಸ್ರು ಕಟ್ಟುಸ್ತದೆ.’ ಇಷ್ಟು ವರ್ಷ ಯಾಕೆ ಏನೂ ಆಗಲಿಲ್ಲವೆಂದು ನಾನು ಕೇಳಿದೆ. ಅವಳು ನನ್ನನ್ನು ಕನಿಕರದಿಂದ ನೋಡಿದಳು. ‘ಬಾಗ್ಲೇ ಇರ್ಲಿಲ್ವಲ್ಲ ಸ್ವಾಮಿ. ನೀರೂ ಇರ್ಲಿಲ್ಲ. ಈಗ ಮುಚ್ಚವ್ರೆ ನೋಡಿ.’ ಆಮೇಲೆ ಎದ್ದು ಹೋಗುವಾಗ ಮೆಲ್ಲಗೆ ಹೇಳಿದಳು. ‘ಅವತ್ತೇ ಹೇಳಕ್ ಬಂದೆ. ನೀವ್ ಬೆರಳ್ ತೋರುಸ್ಬುಟ್ರಿ.’

ಮಗಳೇ, ದೀಪ ನನಗೆ ಮೂರು ಸಲ ಹೇಳಿತು. ಹೊಸ್ತಿಲಲ್ಲಿ ನಿಂತ ಹೆಂಗಸು ನಾಲ್ಕನೆಯ ಸಲ ಹೇಳಬಂದಳು. ನಾನು ಅದನ್ನು ದೇವತೆಗಳ ಭಾಷೆಯೆಂದು ಬಗೆದು ಅಭಿಷೇಕದಿಂದ ಉತ್ತರ ಕೊಟ್ಟೆ. ಅದು ಹಗೇವಿಗೆ ಇಳಿಯುವ ಬಡವರು ದಿನವೂ ನೋಡಿ ನಡೆಯುತ್ತಿದ್ದ ಗುರುತಾಗಿತ್ತು. ಪರಮೇಶ್ವರನು ನನ್ನ ಪಾಂಡಿತ್ಯಕ್ಕೆ ಮುನಿದಿರಲಾರ. ಆದರೆ ಅವನು ಎಷ್ಟು ಸರಳವಾಗಿ ತಿಳಿಸಿದ್ದನೆಂಬುದನ್ನು ನೆನೆದಾಗಲೆಲ್ಲ ತಲೆ ತಾನಾಗಿ ತಗ್ಗುತ್ತದೆ.

ನಿನ್ನೆ ಮಧ್ಯಾಹ್ನವೇ ಲಾಟೀನು ಹಿಡಿದು ಮಾರಮ್ಮನೊಡನೆ ಅಲ್ಲಿಗೆ ಹೋದೆ. ದೇವದಾಸ್ ಶಟರು ಎತ್ತಿದ. ಮರಿಗಳನ್ನು ಒಯ್ದ ಮೇಲೆ ಮತ್ತೆ ಎರಡು ದಿನದಿಂದ ಮುಚ್ಚಿದ್ದ ಕೋಣೆ. ಹಳಸಿದ ಅಂಬಲಿಯ ಹಾಗೆ ಒಂದು ಹುಳಿವಾಸನೆ, ಬಲು ತೆಳ್ಳಗೆ. ಬಣ್ಣದ ವಾಸನೆಯಲ್ಲಿ ಅದನ್ನು ಯಾರೂ ಗುರುತಿಸಲಾರರು. ಮಾರಮ್ಮ ನನ್ನನ್ನು ಹೊಸ್ತಿಲಲ್ಲೇ ತಡೆದು ನಿಲ್ಲಿಸಿದಳು. ಈ ಸಲ ಬೆರಳೆತ್ತಿದವಳು ಅವಳು. ಲಾಟೀನನ್ನು ಒಂದು ಬಿದಿರಿನ ತುದಿಗೆ ಸಿಕ್ಕಿಸಿ ಒಳಕ್ಕೆ ಚಾಚಿದಳು. ಎದೆಯ ಮಟ್ಟದಲ್ಲಿ ಚೆನ್ನಾಗಿ ಉರಿಯಿತು. ಮೊಣಕಾಲಿನ ಮಟ್ಟಕ್ಕೆ ಬಂದಾಗ ಉರಿ ಸಣ್ಣದಾಗಿ ಕೆಂಪಾಯಿತು. ಒಂದು ಗೇಣಿನ ಎತ್ತರಕ್ಕೆ ಇಳಿದಾಗ ಉರಿ ಬತ್ತಿಯನ್ನು ಬಿಟ್ಟು ಮೇಲಕ್ಕೆ ಹಾರಿದಂತೆ ಕಂಡಿತು, ಆರಿತು. ಅವಳು ಬಿದಿರನ್ನು ಹಿಂದಕ್ಕೆಳೆದುಕೊಂಡಳು. ದೇವದಾಸ್ ತನ್ನ ಹಾಸಿಗೆಯಿದ್ದ ಜಾಗವನ್ನು ನೋಡುತ್ತ, ‘ಪೈಂಟ್ ಅಲ್ವಾ ಹಂಗಾದ್ರೆ’ ಎಂದು ತನಗೆ ತಾನೇ ಹೇಳಿಕೊಂಡ. ಒಂದು ಗೇಣು, ರುದ್ರಮ್ಮ. ಚಾಪೆಯ ಮೇಲೆ ಮಲಗಿದವರ ಮೂಗು ಅದಕ್ಕಿಂತ ಮೇಲಿರುವುದಿಲ್ಲ.

ಅಲ್ಲಿಂದ ನೇರವಾಗಿ ಚಿಕ್ಕಬೈರಪ್ಪನ ಮನೆಗೆ ಹೋದೆ. ಅವನು ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ಕೆಲಸ ಸುಲಭವಾಗುತ್ತಿತ್ತು. ‘ಹಗೇವಾ? ಅಂಗಳದಲ್ಲಿತ್ತು, ಎರಡ್ ಲಾರಿ ಮಣ್ಣು ತುಂಬ್ಸಿದೀನಿ, ನಾನೇ ನಿಂತ್ಕೊಂಡು’ ಎಂದ. ಒಳಗೆ ಇನ್ನೊಂದಿದೆ ಎಂದೆ. ಅವನ ಮುಖ ಒಂದು ಕ್ಷಣ ಬಿಳಿಚಿತು. ಆ ಸಾವುಗಳಾದಾಗ ಅವನು ತೊಟ್ಟಿಲ ಕೂಸು. ತಾತ ಮುಚ್ಚಿಟ್ಟದ್ದನ್ನು ಅವನಿಗೆ ಯಾರೂ ಹೇಳಿರಲಾರರು. ಆದರೆ ಆ ಬಿಳುಪು ಇಳಿದೊಡನೆ ಸಿಟ್ಟು ಬಂತು. ‘ಆ ಮುದ್ಕಿ ಮಾತು ಕಟ್ಕೊಂಡು ನಮ್ ತಾತನ್ ಹೆಸರು ತೆಗೀತೀರಾ ಮೇಷ್ಟ್ರೇ? ನಲವತ್ತು ವರ್ಷದ ಮಾತು. ಇಂಜಿನಿಯರ್ ಬಂದು ನೋಡಿ ಸರ್ಟಿಫಿಕೇಟ್ ಕೊಟ್ಟವ್ನೆ. ಈಗ ತಾನೇ ಹಾಕ್ಸಿರೋ ಮೊಸಾಯಿಕ್ ಒಡ್ಸು ಅಂದ್ರೆ ಒಡ್ಸೋಕಾಗುತ್ತಾ?’ ಬಂದು ದೀಪ ನೋಡೆಂದೆ. ‘ದೀಪ ಆರೋದು ದೊಡ್ಡದಾ? ನಮ್ಮನೇಲಿ ದಿನಾ ಆರ್ತದೆ’ ಎಂದು ಹೇಳಿ, ಎದ್ದು ಬರಲಿಲ್ಲ. ನೋಡಿದರೆ ನಂಬಬೇಕಾಗುತ್ತದೆಂದು ಅವನಿಗೆ ಗೊತ್ತಿತ್ತು. ಕಡೆಗೆ ಮೆತ್ತಗಾಗಿ, ‘ಬೋರಣ್ಣ ನಾಳೆ ತಿಪಟೂರಿಗೆ ಹೊರಟವ್ನೆ. ಪೇಪರ್ ಕಳಿಸ್ತೀನಿ. ನೀವೂ ಏನ್ ಬೇಕೋ ಬರೀರಿ. ಅಕ್ಕ ಓದ್ದೋರು, ಅವ್ರೇ ತೀರ್ಮಾನ ಮಾಡ್ಲಿ’ ಎಂದು ಕಾಲಿಗೆ ಬಿದ್ದು ಕಳಿಸಿಕೊಟ್ಟ.

ಆದ್ದರಿಂದ ನನ್ನ ತೀರ್ಮಾನವನ್ನು ಕೇಳು. ಸಹಿ ಮಾಡಬೇಡ. ತಂದೆ ಬೇಡವೆಂದರು ಎಂದಷ್ಟೇ ಬೋರಣ್ಣನಿಗೆ ಹೇಳಿ ಪತ್ರವನ್ನು ಹಿಂದಿರುಗಿಸು. ನಾವು ಎಣಿಸಿದ್ದಂತೆ ಬಸವ ಜಯಂತಿಯ ದಿನ ಶಾಲೆ ತೆರೆಯುವುದು ಆಗದು, ಆಗದಿದ್ದರೆ ಬೇಡ. ನಮ್ಮ ಮನೆಯ ಮುಂಗೋಣೆಯಲ್ಲಿ ನನ್ನ ಪುಸ್ತಕದ ಬೀರುಗಳನ್ನು ಒತ್ತಿಟ್ಟರೆ ಎರಡು ಯಂತ್ರಗಳಿಗೆ ಸ್ಥಳವಾಗುತ್ತದೆ. ಬಸವಲಿಂಗಮ್ಮ ತಾನಾಗಿಯೇ ಈ ಮಾತೆತ್ತಿದಳು. ‘ರುದ್ರಮ್ಮಂಗೆ ನನ್ನ ಮೇಲೆ ಬೇಜಾರಿದ್ರೆ ಬೇಜಾರು ಇಟ್ಕೊಂಡೇ ಬರ್ಲಿ, ಉಸಿರು ಇಟ್ಕೊಂಡ್ ಬರ್ಲಿ’ ಎಂದಳು. ಅವಳ ನಾಲಗೆ ಒರಟು. ಆದರೆ ನಿನ್ನೆ ಸಂಜೆಯಿಂದ ಅವಳು ಸರಿಯಾಗಿ ಊಟಮಾಡಿಲ್ಲ. ನಿನ್ನ ಸ್ವಾಭಿಮಾನಕ್ಕೆ ಕುಂದು ಬರದ ಹಾಗೆ ನಾನು ನೋಡಿಕೊಳ್ಳುತ್ತೇನೆ. ಸ್ಥಳ ನಾಳೆ ಬೇರೆ ಸಿಕ್ಕೀತು.

ಬೋರಣ್ಣ ಬಂದು ಜಗಲಿಯಲ್ಲಿ ಕುಳಿತಿದ್ದಾನೆ. ಒಳಗಿನಿಂದ ಅವನಿಗೆ ಕಾಫಿ ಹೋಗುತ್ತಿದೆ. ರೈಲಿಗೆ ಹೊತ್ತಾಗುತ್ತದೆ, ಮುಗಿಸುತ್ತೇನೆ. ಹರಳೆಣ್ಣೆಯನ್ನು ಮರೆಯಬೇಡ. ಸಂಜೆ ದೀಪ ಹಚ್ಚುವಾಗ ನಿನ್ನ ತಾಯಿಯನ್ನು ನೆನೆದು ಒಂದು ನಿಮಿಷ ಅದರ ಮುಂದೆ ಕುಳಿತಿರು. ನಿನ್ನ ಮನೆ, ಮನಸ್ಸು, ಉಸಿರು ಮೂರನ್ನೂ ಆ ಪರಶಿವನು ಕಾಯಲಿ.

ನಿನ್ನ ಹಿತವನ್ನೇ ಹಾರೈಸುವ ತಂದೆ,
ಗಂಗಾಧರಯ್ಯ

ತಾ.ಕ. ರುದ್ರಮ್ಮ, ಮೇಲೆ ಬರೆದ ತೀರ್ಮಾನವನ್ನು ಬಿಟ್ಟುಬಿಡು. ಹೊಸದಾಗಿ ಬರೆಯುವಷ್ಟು ಹೊತ್ತಿಲ್ಲ. ಅಂಟು ಹಚ್ಚುವಷ್ಟರಲ್ಲಿ ಬೋರಣ್ಣ ಜಗಲಿಯಿಂದಲೇ ಹೇಳಿದ್ದು ಇದು. ‘ನಿಮ್ ಮಗಳು ಬ್ಯಾಡ ಅಂದ್ರೂ ಚಿಂತೆ ಇಲ್ಲ ಬುಡಿ ಮೇಷ್ಟ್ರೇ. ಶಿಶುವಿಹಾರದೋರು ಎರಡ್ ಸಲ ಬಂದ್ ಹೋಗವ್ರೆ. ಜೂನ್ ಒಂದಕ್ಕೆ ಶುರು ಅಂತೆ. ಇಪ್ಪತ್ತೆರಡು ಮಕ್ಳು. ಊಟ ಆದ್ಮೇಲೆ ಒಂದ್ ಗಂಟೆ ಮಲಗುಸ್ತಾರಂತೆ, ಚಾಪೆಗೂ ಹೇಳವ್ರಂತೆ. ಆ ಟೀಚರಮ್ಮ ನೆಲದ್ ಮ್ಯಾಲೆ ಕೈಯಿಟ್ಟು ನೋಡಿ, ತಣ್ಣಗೈತೆ, ಮಕ್ಳಿಗೆ ಸೆಕೆ ಆಗಲ್ಲ ಅಂದ್ರು.’ ಅವರು ಯಾರು, ಎಲ್ಲಿಯವರು ಎಂದು ಕೇಳಿದರೆ ಭಾವನಿಗೆ ಗೊತ್ತು ಎನ್ನುತ್ತಾನೆ. ಭಾವ ನನಗೆ ಹೇಳಲಾರ. ಹೇಳಿದರೂ ಇಂಜಿನಿಯರ ಸರ್ಟಿಫಿಕೇಟನ್ನು ಬಿಟ್ಟು ನನ್ನ ಮಾತನ್ನು ಆಕೆ ಯಾಕೆ ನಂಬಬೇಕು?

ಸಹಿ ಮಾಡು. ಮೂರು ಪುಟದಲ್ಲಿಯೂ ಮಾಡು. ಸಹಿಯಾದರೆ ಬೀಗದಕೈ ನಮ್ಮದು, ಏಳನೆಯ ಷರತ್ತು ನಮ್ಮದು. ಅವನು ಬಂದು ಅಡ್ಡ ಮಲಗಿದರೂ ನಾನು ಹಾರೆ ಹಾಕಿಸುತ್ತೇನೆ. ನೆಲ ಒಡೆಸಿ, ಆ ರಾಗಿಯನ್ನು ತೆಗೆಸಿ, ಮಣ್ಣು ತುಂಬಿಸಿ, ಮತ್ತೆ ಮೊಸಾಯಿಕ್ ಹಾಕಿಸುವ ಹೊತ್ತಿಗೆ ನಿನ್ನ ಯಂತ್ರಗಳಿಗೆಂದು ಇಟ್ಟದ್ದೆಲ್ಲ ಮುಗಿದುಹೋಗುತ್ತದೆ. ಇದನ್ನು ತಿಳಿದೇ ಕೇಳುತ್ತಿದ್ದೇನೆ. ಕೇಳುವ ಮುಖ ನನಗಿಲ್ಲ. ಬೋರಣ್ಣನ ಮುಂದೆ ಸಂತೋಷದಿಂದ ಸಹಿ ಮಾಡು, ಏನನ್ನೂ ಆಡಿ ತೋರಿಸಬೇಡ. ನೀನು ಬಂದರೆ ಆ ಹೊಸ್ತಿಲ ಹೊರಗೇ ನಿಲ್ಲು, ಮಾರಮ್ಮ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು ‘ಬನ್ನಿ’ ಎನ್ನುವವರೆಗೆ. ಬೋರಣ್ಣ ಚಪ್ಪಲಿ ಮೆಟ್ಟಿದ.